ಓತಿ ನುಂಗಿದ ಮಾತು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ತಾವು ಕೂತ ಜಾಗ ಸರಿಯಾಗಿದೆಯೋ ಇಲ್ಲವೋ ಎಂದು ಅತ್ತಿತ್ತ ಸರಿದು ನೋಡುತ್ತಿದ್ದವು. ಎಲೆ ಯಾವಾಗ ಉದುರಿಸಬೇಕೆಂದು ಮರಗಳಿಗೆ ತಿಳಿದಿರಲಿಲ್ಲ. ಚಂದ್ರ ಒಮ್ಮೊಮ್ಮೆ ನಡುಹಗಲಲ್ಲೇ ಬಂದು ನಿಂತು, ತಪ್ಪಾಯಿತೆಂದು ಹಿಂದಕ್ಕೆ ಹೋಗುತ್ತಿದ್ದ.

ಯಾರಿಗೂ ಏನೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು.

ಆಗ ಒಂದು ಕಲ್ಲುಗುಡ್ಡದ ತಪ್ಪಲಿನಲ್ಲಿ ಒಬ್ಬಳು ಓತಿ ಇದ್ದಳು. ಬೇಲಿಯ ಮೇಲೆ ಬೆನ್ನು ಕಾಯಿಸಿಕೊಂಡು ಕೂರುತ್ತದಲ್ಲ, ಓತಿಕ್ಯಾತ ಅನ್ನುತ್ತೇವಲ್ಲ, ಅದೇ. ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ಮಣ್ಣಿನ ಬಣ್ಣ. ಅವಳ ತಾಯಿಗೆ ಹದಿನಾಲ್ಕು ಮಕ್ಕಳಾದ ಮೇಲೆ ಕೊನೆಯ ಮೊಟ್ಟೆ ಒಡೆದು ಇವಳು ಹೊರಬಂದಳಂತೆ. ತಾಯಿ ಒಂದು ಸಲ ನೋಡಿ 'ಸಾಕವ್ವ' ಅಂದಳಂತೆ. ಅದೇ ಹೆಸರಾಗಿ ಉಳಿಯಿತು.

ಸಾಕವ್ವ ಒಳ್ಳೆಯವಳು. ಯಾರು ಏನು ಹೇಳಿದರೂ ಕೇಳುತ್ತಿದ್ದಳು. ಅದೇ ತೊಂದರೆ.

ಆ ವರ್ಷ ಬಿಸಿಲು ಬಲಿಯುವ ಹೊತ್ತಿಗೆ ಸಾಕವ್ವನಿಗೆ ಮೊಟ್ಟೆಯಿಡುವ ದಿನ ಬಂತು. ತಂಗಡಿ ಗಿಡದ ಬುಡದಲ್ಲಿ, ಬಿಸಿಲು ಬೀಳುವ ಕಡೆ, ಮೂತಿಯಿಂದ ಮಣ್ಣು ಬಗೆದು ಗುಂಡಿ ತೋಡಿದಳು. ಹನ್ನೆರಡು ಮೊಟ್ಟೆ ಇಟ್ಟಳು. ಹುಣಿಸೆಬೀಜದಷ್ಟು ದಪ್ಪ, ಬೆಳ್ಳಗೆ, ಮುಟ್ಟಿದರೆ ಮೆತ್ತಗೆ. ಅವುಗಳ ಮೇಲೆ ಮಣ್ಣು ಎಳೆದು, ಪಕ್ಕದಲ್ಲಿ ಕೂತು ಉಸಿರು ಬಿಟ್ಟಳು. ಬಹಳ ದಣಿವಾಗಿತ್ತು. ಬಹಳ ಸಂತೋಷವೂ ಆಗಿತ್ತು.

ಆ ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಚೆನ್ನಾಜಮ್ಮ ಬಂದಳು. ಚೆನ್ನಾಜಮ್ಮ ಅಂದರೆ ಒಂದು ಗೊರವಂಕ. ಹಳದಿ ಕಾಲು, ಹಳದಿ ಕೊಕ್ಕು, ಕಣ್ಣಿನ ಸುತ್ತಲೂ ಹಳದಿ. ಬೆಳಗಾದರೆ ತನ್ನ ಗೂಡಿನ ಕಸ ತೆಗೆಯುವ ಮೊದಲು ಎಲ್ಲರ ಅಂಗಳ ನೋಡಿ ಬರುವವಳು. ಗುಂಡಿಯ ಸುತ್ತ ಎರಡು ಸುತ್ತು ನಡೆದು, ಕತ್ತು ಓರೆ ಮಾಡಿ, ಇಷ್ಟು ಬಿಸಿಲಲ್ಲಿ ಮೊಟ್ಟೆ ಇಟ್ಟರೆ ಬೆಂದು ಹೋಗುತ್ತವೆ ಅಂದಳು. ಹೊಂಗೆ ಮರದ ನೆರಳು ಅಷ್ಟು ತಂಪಾಗಿರುವಾಗ ಯಾವ ತಾಯಿ ಇಂಥ ಕೆಂಡದಲ್ಲಿ ಮಕ್ಕಳನ್ನು ಹೂಳುತ್ತಾಳೆ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹಾರಿಹೋದಳು.

ಸಾಕವ್ವನಿಗೆ ಗಾಬರಿಯಾಯಿತು. ಮುಚ್ಚಿದ ಗುಂಡಿಯನ್ನು ಮತ್ತೆ ತೆಗೆದಳು. ಹನ್ನೆರಡು ಮೊಟ್ಟೆಗಳನ್ನು ಒಂದೊಂದಾಗಿ, ಬಾಯಲ್ಲಿ ಕಚ್ಚಿಕೊಂಡು, ಹಲ್ಲು ತಾಗದ ಹಾಗೆ, ಹೊಂಗೆ ಮರದ ಬುಡಕ್ಕೆ ಸಾಗಿಸಿದಳು. ಸಂಜೆಯಾಯಿತು. ಅವಳು ಏನೂ ತಿಂದಿರಲಿಲ್ಲ.

ಮರುದಿನ ಅಳಿಲು ದ್ಯಾಮಕ್ಕ ಕೊಂಬೆಯಿಂದ ತಲೆಕೆಳಗಾಗಿ ಇಳಿದು ಬಂದಳು. ಹೊಂಗೆಯ ಬೇರಿನಲ್ಲಿ ಕೆಂಪಿರುವೆ ಇರುವುದು ಎಲ್ಲರಿಗೂ ಗೊತ್ತು, ಸಾಕವ್ವನಿಗೊಬ್ಬಳಿಗೆ ಗೊತ್ತಿಲ್ಲ ಅಂದಳು. ಇರುವೆ ಬಿಟ್ಟರೂ ಈ ಥಂಡಿ ಬಿಡುವುದಿಲ್ಲ, ಮೊಟ್ಟೆಗಳು ಕೊಳೆಯುತ್ತವೆ ಅಂದಳು. ಅಲ್ಲಿ ಬಂಡೆಯ ಸಂದು ಬೆಚ್ಚಗಿದೆ, ಒಣಗಿದೆ, ತನಗೆ ಮೊಟ್ಟೆ ಇದ್ದಿದ್ದರೆ ತಾನು ಅಲ್ಲೇ ಇಡುತ್ತಿದ್ದೆ ಅಂದಳು.

ಅಳಿಲಿಗೆಲ್ಲಿ ಮೊಟ್ಟೆ? ಆದರೆ ಸಾಕವ್ವ ಅದನ್ನು ಕೇಳಲಿಲ್ಲ. ಹನ್ನೆರಡು ಮೊಟ್ಟೆಗಳನ್ನು ಒಂದೊಂದಾಗಿ, ಬಾಯಲ್ಲಿ ಕಚ್ಚಿಕೊಂಡು, ಹಲ್ಲು ತಾಗದ ಹಾಗೆ, ಬಂಡೆಯ ಸಂದಿಗೆ ಸಾಗಿಸಿದಳು. ದವಡೆ ನೋಯತೊಡಗಿತು.

ಮೂರನೆಯ ದಿನ ಆಮೆ ಸಣ್ಣೀರಜ್ಜ ಆ ದಾರಿಯಲ್ಲಿ ಬಂದ. ಸಣ್ಣೀರಜ್ಜ ಮಾತು ಶುರು ಮಾಡುವುದೇ 'ನಾನು ನೂರು ವರ್ಷದಿಂದ ನೋಡಿದ್ದೇನೆ' ಎಂದು. ಲೋಕ ಹುಟ್ಟಿಯೇ ಅಷ್ಟು ವರ್ಷವಾಗಿರಲಿಲ್ಲ. ಯಾರೂ ಲೆಕ್ಕ ಹಾಕಲಿಲ್ಲ, ಹಿರಿಯನಲ್ಲವೇ. ಬಂಡೆ ಸಂದಿನಲ್ಲಿ ಮೊಟ್ಟೆ ಉರುಳಿ ಒಂದಕ್ಕೊಂದು ತಾಗುತ್ತವೆ ಅಂದ ಅಜ್ಜ. ನಮ್ಮ ವಂಶದವರೆಲ್ಲ ಹಳ್ಳದ ದಂಡೆಯ ಮರಳಿನಲ್ಲೇ ಇಟ್ಟದ್ದು, ಮರಳಿಗಿಂತ ಮೆತ್ತನೆಯ ಹಾಸಿಗೆ ಈ ಲೋಕದಲ್ಲಿ ಇಲ್ಲ ಅಂದ. ಇಟ್ಟ ಮೇಲೆ ಹೊಟ್ಟೆಯಿಂದ ಮಣ್ಣನ್ನು ಚೆನ್ನಾಗಿ ಒತ್ತಬೇಕು, ವಾಸನೆ ಹೊರಗೆ ಬರಬಾರದು ಎಂದೂ ಹೇಳಿದ. ಚೆನ್ನಾಜಮ್ಮ, ದ್ಯಾಮಕ್ಕ ಇಬ್ಬರೂ ಅಲ್ಲೇ ಇದ್ದರು. ಅಜ್ಜ ಹೇಳುವುದೇ ಸರಿ ಎಂದು ಒಟ್ಟಿಗೆ ಅಂದರು. ಆ ಇಬ್ಬರು ಯಾವುದಕ್ಕಾದರೂ ಒಪ್ಪಿದ್ದು ಅದೇ ಮೊದಲು.

ಸಾಕವ್ವ ಹಳ್ಳದ ದಂಡೆಗೆ ಹೋಗಿ ನೋಡಿದಳು. ಮರಳು ಮೆತ್ತಗೇ ಇತ್ತು. ಆದರೆ ದಂಡೆಯ ಪೊದೆಗಳಲ್ಲಿ, ಅವಳ ತಲೆಗಿಂತ ಬಹಳ ಮೇಲೆ, ಒಣಗಿದ ಕಸಕಡ್ಡಿ ಸಿಕ್ಕಿಕೊಂಡಿತ್ತು. ಅಷ್ಟು ಮೇಲೆ ಕಸ ಹೇಗೆ ಹತ್ತಿತು ಎಂದು ಅವಳ ಮನಸ್ಸು ಒಂದು ಸಲ ಕೇಳಿತು. ಹಿಂದಿರುಗಿ ನೋಡಿದರೆ ಅಜ್ಜ ಕಾಯುತ್ತಿದ್ದ. ಹಿರಿಯರಿಗೆ ಬೇಡ ಅನ್ನುವುದು ಹೇಗೆ? ಹನ್ನೆರಡು ಮೊಟ್ಟೆಗಳನ್ನು ಒಂದೊಂದಾಗಿ, ಬಾಯಲ್ಲಿ ಕಚ್ಚಿಕೊಂಡು, ಹಲ್ಲು ತಾಗದ ಹಾಗೆ, ಮರಳಿಗೆ ಸಾಗಿಸಿದಳು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ತಪ್ಪಲಿನಲ್ಲಿ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿದ್ದಾಗ, ಗುಡ್ಡದ ಆಚೆ ಎಲ್ಲೋ ಮಳೆ ಹೊಯ್ಯಿತು. ಸಾಕವ್ವ ಹುಳ ಹುಡುಕಲು ಸ್ವಲ್ಪ ದೂರ ಹೋಗಿದ್ದಳು. ಮೊದಲು ಸದ್ದು ಕೇಳಿಸಿತು. ಆಮೇಲೆ ಕೆಂಪು ನೀರು ನೊರೆ ತಳ್ಳಿಕೊಂಡು ತಿರುವಿನಲ್ಲಿ ಕಾಣಿಸಿತು.

ಅವಳು ಓಡಿದಳು. ಒಂದು ಮೊಟ್ಟೆಯನ್ನು ಕಚ್ಚಿಕೊಂಡು ದಿಬ್ಬಕ್ಕೆ ಏರಿ ಇಟ್ಟು, ಮತ್ತೆ ಓಡಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದನ್ನು ತರುವಾಗ ಬಾಲ ನೀರಿನಲ್ಲಿತ್ತು. ಐದನೆಯದನ್ನು ತರುವಾಗ ಕುತ್ತಿಗೆಯವರೆಗೆ ನೀರು. ಆರನೆಯದಕ್ಕೆ ತಿರುಗಿದಾಗ ಅಲ್ಲಿ ಮರಳೇ ಇರಲಿಲ್ಲ.

ಏಳು ಮೊಟ್ಟೆಗಳು ಹೋದವು.

ನೀರು ಇಳಿದ ಮೇಲೆ ನೆರೆಯವರು ಬಂದರು. ಅಯ್ಯೋ ಪಾಪ ಅಂದರು. ಆಮೇಲೆ ಚೆನ್ನಾಜಮ್ಮ, ಹಳ್ಳದ ದಂಡೆಯಲ್ಲಿ ಯಾರಾದರೂ ಮೊಟ್ಟೆ ಇಡುತ್ತಾರೆಯೇ, ತನಗೆ ಮೊದಲಿಂದಲೂ ಅನುಮಾನವಿತ್ತು ಅಂದಳು. ದ್ಯಾಮಕ್ಕ, ಇವಳಿಗೆ ತಾಯಿ ಏನೂ ಕಲಿಸಿಲ್ಲ, ಹೆಸರಿಡುವಾಗಲೇ ಬೇಸರಪಟ್ಟವಳು ಇನ್ನೇನು ಕಲಿಸುತ್ತಾಳೆ ಅಂದಳು. ಸಣ್ಣೀರಜ್ಜ ನಿಟ್ಟುಸಿರು ಬಿಟ್ಟು, ಈಗಿನವರು ಹಿರಿಯರನ್ನು ಒಂದು ಮಾತು ಕೇಳುವುದಿಲ್ಲ ಅಂದ.

ಸಾಕವ್ವ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಮತ್ತೊಮ್ಮೆ ನೋಡಿದಳು.

"ನೀವೇ ಹೇಳಿದಿರಲ್ಲ ಅಜ್ಜ," ಅಂದಳು. "ಮರಳಿಗಿಂತ ಮೆತ್ತನೆ ಹಾಸಿಗೆ ಇಲ್ಲ ಅಂದವರು ನೀವೇ ಅಲ್ವಾ?"

"ಹೇಳಿದೆ," ಅಂದ ಸಣ್ಣೀರಜ್ಜ. "ಹೇಳೋರು ಸಾವಿರ ಹೇಳ್ತಾರೆ. ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?"

ಹೀಗೆಂದು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಆಮೆಗಳಿಗೆ ಅದೊಂದು ಅನುಕೂಲ.

ಅವತ್ತು ಸಾಕವ್ವನ ಹೊಟ್ಟೆಯಲ್ಲಿ ಹತ್ತಿದ ಬೆಂಕಿ ಮೇಲೇರಿ ಕೊರಳಿಗೆ ಬಂತು. ಮಣ್ಣಿನ ಬಣ್ಣದ ಕೊರಳು ಕೆಂಪಾಯಿತು. ಇಷ್ಟು ದಿನ ಎಲ್ಲರ ಮಾತನ್ನೂ ಕೇಳಿದ್ದವಳು, ಇನ್ನು ಮೇಲೆ ಎಲ್ಲರ ಮಾತಿಗೂ ಉತ್ತರ ಕೊಡುತ್ತೇನೆಂದು ಹೊರಟಳು.

ಬೆಳಿಗ್ಗೆ ಎದ್ದು ಹೊಂಗೆ ಮರದ ಕೆಳಗೆ ನಿಂತು ಚೆನ್ನಾಜಮ್ಮನನ್ನು ಕರೆದು ಜಗಳ ತೆಗೆಯುತ್ತಿದ್ದಳು. ಅದು ಮುಗಿದರೆ ದ್ಯಾಮಕ್ಕನ ಹತ್ತಿರ. ಅದೂ ಮುಗಿದರೆ ಸಣ್ಣೀರಜ್ಜನ ಚಿಪ್ಪಿನ ಮುಂದೆ ಕೂತು, ತಲೆ ಹೊರಗೆ ಬರುವವರೆಗೆ ಕಾಯುತ್ತಿದ್ದಳು. ಗಾಳಿಗೆ ಬೇರೆ ಕೆಲಸವಿರಲಿಲ್ಲ. ಅವಳು ನಿನ್ನನ್ನು ಹೀಗೆ ಅಂದಳು, ಇವಳು ಹಾಗೆ ಅಂದಳು ಎಂದು ಬಂದು ಬಂದು ಹೇಳುತ್ತಿತ್ತು. ಸಾಕವ್ವ ಅಲ್ಲಿಗೂ ಓಡುತ್ತಿದ್ದಳು, ಇಲ್ಲಿಗೂ ಓಡುತ್ತಿದ್ದಳು. ತಾನು ಎಂಥವಳೆಂದು ತಪ್ಪಲಿನಲ್ಲಿ ಪ್ರತಿಯೊಬ್ಬರಿಗೂ ವಿವರಿಸಿ ಹೇಳಿ ಒಪ್ಪಿಸಿಬಿಡಬೇಕು, ಆಮೇಲೆ ನಿಶ್ಚಿಂತೆ ಎಂದು ಅವಳ ಎಣಿಕೆ. ಒಬ್ಬರೂ ಒಪ್ಪಲಿಲ್ಲ. ಇವಳಿಗೆ ಬಾಯಿ ಜಾಸ್ತಿ ಎನ್ನುವ ಹೊಸ ಮಾತೊಂದು ಹುಟ್ಟಿತು, ಅಷ್ಟೆ. ಅದಕ್ಕೂ ಉತ್ತರ ಕೊಡಲು ಹೋದಳು.

ಉಳಿದ ಐದು ಮೊಟ್ಟೆಗಳು ಎಲ್ಲಿದ್ದವು ಅಂತೀರಿ? ಬೇಲದ ಮರದ ಪಕ್ಕ ಒಂದು ಚಪ್ಪಟೆ ಕಲ್ಲಿನ ಕೆಳಗೆ, ಅವಸರದಲ್ಲಿ ಎಳೆದ ಒಂದು ಹಿಡಿ ಮಣ್ಣಿನಡಿ. ಅವುಗಳ ಹತ್ತಿರ ಕೂರಲು ಅವುಗಳ ತಾಯಿಗೆ ಪುರುಸೊತ್ತಿಲ್ಲ. ಈ ಕತೆ ಹೇಳುವಾಗಲೆಲ್ಲ ಇಲ್ಲಿಗೆ ಬಂದರೆ ನನಗೇ ಸಿಟ್ಟು ಬರುತ್ತದೆ. ಆ ಮೂವರ ಮೇಲೋ ಇವಳ ಮೇಲೋ ಗೊತ್ತಾಗುವುದಿಲ್ಲ. ಹೋಗಲಿ, ಮುಂದೆ ಕೇಳಿ.

ಒಂದು ದಿನ ದ್ಯಾಮಕ್ಕ ಕೊಂಬೆಯ ಮೇಲೆ ಕೂತು, ಕೆಳಗೆ ಸಾಕವ್ವ ಇರುವುದನ್ನು ನೋಡಿಯೂ ನೋಡದವಳ ಹಾಗೆ, ಗಾಳಿಯೊಂದಿಗೆ ಮಾತಾಡುತ್ತಿದ್ದಳು. ಸಾಕವ್ವನ ಮೊಟ್ಟೆ ಒಂದೂ ಉಳಿದಿಲ್ಲವಂತೆ, ಬರೀ ಬಾಯಿ ಉಳಿದಿದೆಯಂತೆ ಅಂದಳು.

ಸಾಕವ್ವನಿಗೆ ತಡೆಯಲಾಗಲಿಲ್ಲ.

"ಐದು ಉಳಿದಿವೆ," ಎಂದು ಕೂಗಿದಳು. "ಬೇಲದ ಮರದ ಪಕ್ಕದ ಚಪ್ಪಟೆ ಕಲ್ಲಿನ ಕೆಳಗಿವೆ. ಕಣ್ಣಿದ್ದರೆ ಹೋಗಿ ನೋಡು."

ದ್ಯಾಮಕ್ಕ ಹೋಗಿ ನೋಡಲಿಲ್ಲ. ಅವಳಿಗೆ ನೋಡುವುದು ಬೇಕಿರಲಿಲ್ಲ, ಆಡುವುದು ಬೇಕಿತ್ತು. ಆದರೆ ಪೊದೆಯೊಳಗೆ ಕೆಂಬೂತ ಕೂತಿತ್ತು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಕೆಂಬೂತಕ್ಕೆ ಮೊಟ್ಟೆ ಅಂದರೆ ಪ್ರಾಣ. ಅದು ಯಾರ ಜೊತೆಗೂ ಜಗಳವಾಡುವುದಿಲ್ಲ, ಎಲ್ಲಿ ಜಗಳವಾದರೂ ಹತ್ತಿರ ಬಂದು ಕೂರುತ್ತದೆ. ಜಗಳದಲ್ಲಿ ಜನ ಹೇಳಬಾರದ್ದನ್ನೆಲ್ಲ ಹೇಳುತ್ತಾರೆಂದು ಅದಕ್ಕೆ ಗೊತ್ತು.

ಸಾಕವ್ವ ದ್ಯಾಮಕ್ಕನಿಗೆ ಇನ್ನೂ ನಾಲ್ಕು ಮಾತು ಕೇಳಿಸಿ, ಗೆದ್ದೆ ಅಂದುಕೊಂಡು ಹಿಂದಿರುಗಿದಾಗ ಕಲ್ಲು ವಾಲಿತ್ತು. ಕೆಂಬೂತ ಅವಳನ್ನು ಕಂಡು, ಬಾಯಿ ಒರೆಸಿಕೊಂಡು, ಅವಸರವೇನೂ ಇಲ್ಲದ ಹಾಗೆ ಹಾರಿತು. ಎರಡು ಸಿಪ್ಪೆ ಬಿದ್ದಿದ್ದವು. ಮೂರು ಮೊಟ್ಟೆ ಉಳಿದಿದ್ದವು.

ಸಾಕವ್ವ ಸಿಪ್ಪೆಗಳ ಹತ್ತಿರ ಕೂತಳು. ಇದಕ್ಕೆ ಯಾರನ್ನು ಬೈಯಬೇಕೆಂದು ಯೋಚಿಸಿದಳು. ದ್ಯಾಮಕ್ಕನ ಹೆಸರು ಬಾಯಿಗೆ ಬಂತು, ಮುಂದಕ್ಕೆ ಬರಲಿಲ್ಲ. ಜಾಗ ಹೇಳಿದ ಬಾಯಿ ಅವಳದೇ.

ಬಾಯಾರಿಕೆಯಾಗಿತ್ತು. ಏಳು ಮೊಟ್ಟೆ ಹೋದ ದಿನದಿಂದ ಅವಳು ಹಳ್ಳದ ನೀರು ಮುಟ್ಟಿರಲಿಲ್ಲ, ಎಲೆಯ ಮೇಲಿನ ಹನಿ ನೆಕ್ಕಿಕೊಂಡೇ ಇದ್ದಳು. ಅವತ್ತು ಮೂರು ಮೊಟ್ಟೆಗಳ ಮೇಲೆ ಕಲ್ಲನ್ನು ಸರಿಯಾಗಿ ಎಳೆದು, ಹಳ್ಳಕ್ಕೆ ಇಳಿದಳು. ನೀರು ಈಗ ಕಾಲು ಮುಳುಗುವಷ್ಟೂ ಇರಲಿಲ್ಲ.

ಏಳು ಮಕ್ಕಳನ್ನು ಕೊಂಡುಹೋದೆಯಲ್ಲ, ನಿನಗೆ ಏನೂ ಅನಿಸುವುದಿಲ್ಲವೇ ಎಂದು ಕೇಳಿದಳು. ಕೂಗಲೂ ಶಕ್ತಿ ಇರಲಿಲ್ಲ.

"ಅವತ್ತು ಬಂದವನು ನಾನೇ, ಇಲ್ಲ ಅನ್ನಲ್ಲ," ಅಂತು ಹಳ್ಳ. "ಗುಡ್ಡದ ಮೇಲೆ ಮಳೆ ಬಿತ್ತು, ಇಳಿದು ಬಂದೆ. ದಾರಿಯಲ್ಲಿ ಯಾರಿದ್ದಾರೆ ಅಂತ ನನಗೆ ಕಾಣ್ಸಲ್ಲ ತಾಯಿ."

ಹಳ್ಳ ತನ್ನ ಪಾಡು ಹೇಳಿಕೊಂಡಿತು. ಬೇಸಿಗೆಯಲ್ಲಿ ಯಾಕೆ ಬರಲಿಲ್ಲವೆಂದು ಬೈಯುತ್ತಾರಂತೆ. ಮಳೆಗಾಲದಲ್ಲಿ ಯಾಕೆ ಬಂದೆಯೆಂದು ಬೈಯುತ್ತಾರಂತೆ. ಜಿಂಕೆಗಳು ಆಳ ಜಾಸ್ತಿ ಅನ್ನುತ್ತವಂತೆ, ಮೀನುಗಳು ಆಳವೇ ಇಲ್ಲ ಅನ್ನುತ್ತವಂತೆ. ಒಂದೇ ದಿನ, ಒಂದೇ ಜಾಗದಲ್ಲಿ.

"ಅವರಿಗೆಲ್ಲ ನೀನು ಏನು ಹೇಳ್ತೀಯ?" ಎಂದು ಕೇಳಿದಳು ಸಾಕವ್ವ.

"ಏನು ಹೇಳಲಿ? ನಿಂತು ಒಬ್ಬೊಬ್ಬರಿಗೂ ಉತ್ತರ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಪಾಚಿ ಹಿಡಿದ ಗುಂಡಿಯಾಗಿರ್ತಿದ್ದೆ."

ನೀನೂ ಬುದ್ಧಿ ಹೇಳಲು ಶುರು ಮಾಡಿದೆಯಾ ಎಂದು ಸಾಕವ್ವ ಸಿಡುಕಿದಳು. ಇಲ್ಲ, ನನ್ನ ಕಷ್ಟ ನಾನು ಹೇಳಿಕೊಂಡೆ ಅಷ್ಟೆ ಅಂತು ಹಳ್ಳ, ಕಲ್ಲುಗಳ ನಡುವೆ ಮುಂದಕ್ಕೆ ಹೋಯಿತು.

ಅವಳಿಗೆ ಸಮಾಧಾನವೇನೂ ಆಗಲಿಲ್ಲ. ನೀರು ಮಾತ್ರ ಹೊಟ್ಟೆ ತುಂಬ ಕುಡಿದಳು. ಕುಡಿದು ದಂಡೆಯ ಮೇಲೆ ಮಲಗಿದಾಗ ಸಣ್ಣೀರಜ್ಜನ ಮಾತು ನೆನಪಾಯಿತು. ನಿನ್ನ ಬುದ್ಧಿ ಎಲ್ಲಿ ಹೋಗಿತ್ತು? ಇಷ್ಟು ದಿನ ಆ ಮಾತು ಚುಚ್ಚಿದ್ದು ಅದು ಸುಳ್ಳೆಂದು ಅಲ್ಲ. ಪೊದೆಯಲ್ಲಿ ಸಿಕ್ಕಿದ ಕಸವನ್ನು, ಹಿಂದೊಮ್ಮೆ ನೀರು ಅಷ್ಟೆತ್ತರ ಬಂದ ಗುರುತನ್ನು, ಅವಳು ನೋಡಿದ್ದಳು. ನೋಡಿಯೂ ಅಜ್ಜನ ಮುಖ ನೋಡಿದ್ದಳು.

ಮರುದಿನ ಸಾಕವ್ವ ಯಾರ ಹತ್ತಿರವೂ ಹೋಗಲಿಲ್ಲ. ತಪ್ಪಲಿನ ನೆಲವನ್ನು ತಾನೇ ನೋಡುತ್ತ ನಡೆದಳು. ಅಲ್ಲಲ್ಲಿ ನಿಂತು ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಇಲ್ಲಿ ಬಿಸಿ ಎಷ್ಟು, ಇಲ್ಲಿ ತೇವ ಎಷ್ಟು ಎಂದು ನೋಡಿದಳು. ಸಿಕ್ಕಿದ ಕಸಕ್ಕಿಂತ ಎತ್ತರದಲ್ಲಿ ನೋಡಿದಳು. ಇರುವೆಯ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿದಳು. ಕೊನೆಗೆ ಎಲ್ಲರೂ ನೀರಿಗೆ ಹೋಗುವ ಕಾಲುದಾರಿಯ ಅಂಚಿನಲ್ಲಿ ಗರಸು ಮಣ್ಣಿನ ಒಂದು ತುಂಡು ಸಿಕ್ಕಿತು. ಮೇಲೆ ಗಟ್ಟಿ, ಒಳಗೆ ಸಡಿಲ. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಪಕ್ಕದ ಕಾರೆ ಪೊದೆಯ ನೆರಳು. ಎಲ್ಲರ ಕಣ್ಣೆದುರೇ ಇದ್ದುದರಿಂದ ಯಾರೂ ನೋಡುವ ಜಾಗವಲ್ಲ.

ಎಲ್ಲರೂ ನೆರಳಲ್ಲಿ ತೂಕಡಿಸುವ ಸುಡುಮಧ್ಯಾಹ್ನ ನೋಡಿಕೊಂಡು ಗುಂಡಿ ತೋಡಿದಳು. ಕಲ್ಲಿನ ಕೆಳಗಿದ್ದ ಮೂರು ಮೊಟ್ಟೆಗಳನ್ನು ತಂದು ಇಟ್ಟಳು. ಮಣ್ಣು ಎಳೆದಳು. ಆಮೇಲೆ ಹೊಟ್ಟೆಯಿಂದ ಚೆನ್ನಾಗಿ ಒತ್ತಿದಳು, ವಾಸನೆ ಹೊರಗೆ ಬರದ ಹಾಗೆ. ಅದು ಅಜ್ಜ ಹೇಳಿದ್ದು. ಅಜ್ಜನ ಮೇಲೆ ಸಿಟ್ಟು ಹಾಗೇ ಇತ್ತು, ಆದರೆ ಆ ಮಾತು ಸರಿಯಾಗಿತ್ತು, ಒತ್ತಿದಳು. ಒಣ ಎಲೆ ಎರಡನ್ನು ಮೇಲೆ ಎಳೆದಳು. ಹತ್ತು ಹೆಜ್ಜೆ ದೂರದ ಇನ್ನೊಂದು ಪೊದೆ ಹತ್ತಿ ಕೂತಳು.

ಬಿಸಿಲು ಇಳಿದಾಗ ಚೆನ್ನಾಜಮ್ಮ ಬಂದಳು. ಕಲ್ಲಿನ ಕೆಳಗಿನ ಬರಿ ಮಣ್ಣನ್ನೂ ಸಿಪ್ಪೆಯನ್ನೂ ಆಗಲೇ ನೋಡಿ ಬಂದಿದ್ದಳು. ಮೂರು ಉಳಿದಿದ್ದವಂತೆ, ಅವೂ ಹೋದವೇ ಎಂದು ಕೇಳಿದಳು. ಕೆಲವರಿಗೆ ಮಕ್ಕಳನ್ನು ಕಾಯುವ ಯೋಗ್ಯತೆ ಇರುವುದಿಲ್ಲ, ಅದೂ ಹಣೆಬರಹ ಅಂದಳು.

ಸಾಕವ್ವನ ಹೊಟ್ಟೆಯಿಂದ ಮಾತು ಎದ್ದಿತು. ಎದೆಗೆ ಬಂತು. ಕೊರಳಿಗೆ ಬಂತು. ಕೊರಳು ಮುತ್ತುಗದ ಹೂವಿನ ಹಾಗೆ ಕೆಂಪಾಯಿತು. ಇವೆ, ಮೂರೂ ಇವೆ, ನಿನ್ನ ಕಾಲಿನಿಂದ ಹತ್ತು ಹೆಜ್ಜೆಯಲ್ಲೇ ಇವೆ ಅನ್ನುವ ಮಾತು ನಾಲಗೆಯ ತುದಿಗೆ ಬಂತು.

ಚೆನ್ನಾಜಮ್ಮನ ಹಿಂದೆ ಪೊದೆಯಲ್ಲಿ ಇಟ್ಟಿಗೆ ಬಣ್ಣದ ಒಂದು ರೆಕ್ಕೆ ಅಲುಗಿತು.

ಸಾಕವ್ವ ಬಾಯಿ ಮುಚ್ಚಿದಳು. ಬಂದ ಮಾತನ್ನು ಹಿಂದಕ್ಕೆ ನುಂಗಿದಳು. ದೊಡ್ಡ ಮಾತು, ಒಂದೇ ಸಲಕ್ಕೆ ಇಳಿಯಲಿಲ್ಲ. ತಲೆ ಕೆಳಗೆ ಹೋಗಿ ಮೇಲೆ ಬಂತು. ಮತ್ತೆ ಕೆಳಗೆ ಹೋಗಿ ಮೇಲೆ ಬಂತು. ಮೂರನೆಯ ಸಲಕ್ಕೆ ಇಳಿಯಿತು.

ಚೆನ್ನಾಜಮ್ಮ ಅದನ್ನು ನೋಡಿ, ಪಾಪ, ಈಗಲಾದರೂ ಒಪ್ಪಿಕೊಂಡಳು ಅಂದುಕೊಂಡಳು. ಅವಳಿಗೆ ತೃಪ್ತಿಯಾಯಿತು. ಹಾರಿಹೋದಳು. ಇಷ್ಟು ಬೇಗ ಅವಳು ಹೋದದ್ದು ಸಾಕವ್ವ ಅದುವರೆಗೆ ಕಂಡಿರಲಿಲ್ಲ.

ಆಮೇಲೆ ದ್ಯಾಮಕ್ಕ ಬಂದಳು. ಆಮೇಲೆ ಸಣ್ಣೀರಜ್ಜ ಬಂದ. ಒಬ್ಬೊಬ್ಬರ ಮಾತಿಗೂ ಕೊರಳು ಕೆಂಪಾಯಿತು, ತಲೆ ಕೆಳಗೆ ಮೇಲೆ ಹೋಯಿತು. ಕೆಲವು ಮಾತು ಕಹಿಯಾಗಿದ್ದವು, ಕೆಲವು ಮುಳ್ಳಾಗಿದ್ದವು. ಮೊದಮೊದಲು ಹೊಟ್ಟೆಯಲ್ಲಿ ಕಲ್ಲು ಕೂತ ಹಾಗೆ ಕೂರುತ್ತಿದ್ದವು. ನಾಲ್ಕಾರು ದಿನ ಕಳೆದ ಮೇಲೆ ಸಾಕವ್ವ ಒಂದು ವಿಷಯ ಗಮನಿಸಿದಳು. ನುಂಗಿ ಸ್ವಲ್ಪ ಹೊತ್ತಾದರೆ ಮಾತು ಅಲ್ಲಿ ಇರುತ್ತಿರಲಿಲ್ಲ. ಉತ್ತರ ಕೊಟ್ಟ ಮಾತುಗಳು ದಿನವಿಡೀ ಹಿಂದೆ ಬರುತ್ತಿದ್ದವು. ಇವು ಬರಲಿಲ್ಲ. ಕೊಂಬೆಯ ಮೇಲೆ ಇರುವೆ ಹೋಗುತ್ತಿತ್ತು. ಬಹಳ ದಿನಗಳ ಮೇಲೆ ಅವಳಿಗೆ ಹಸಿವಾಯಿತು, ಹಿಡಿದು ತಿಂದಳು.

ಒಂದು ಬೆಳಿಗ್ಗೆ ಕೆಂಬೂತ ತಾನೇ ಬಂತು. ಪೊದೆಯಿಂದ ಹೊರಬಂದು, ಕಾಲುದಾರಿಯ ಮೇಲೆ ಗಂಭೀರವಾಗಿ ನಡೆದು ಬಂದು, ಗರಸು ನೆಲದ ಆ ತುಂಡಿನ ಮೇಲೇ ನಿಂತಿತು. ಅದರ ಉಗುರಿಗೂ ಮೂರು ಮೊಟ್ಟೆಗಳಿಗೂ ನಡುವೆ ಒಂದು ಗೇಣು ಮಣ್ಣು.

"ಸಾಕವ್ವ," ಅಂತು ಕೆಂಬೂತ. "ನಿನ್ನ ಎರಡು ಮೊಟ್ಟೆ ತಿಂದವನು ನಾನು. ಉಳಿದ ಮೂರನ್ನು ಹಸಿವಿಗೆ ನೀನೇ ತಿಂದುಬಿಟ್ಟೆಯಂತೆ. ಎಲ್ಲರೂ ಹೇಳ್ತಿದ್ದಾರೆ. ಹೌದಾ?"

ಎಲ್ಲರೂ ನಿಜವಾಗಿ ಹಾಗೆ ಹೇಳುತ್ತಿದ್ದರೋ, ಕೆಂಬೂತವೇ ಹುಟ್ಟಿಸಿತೋ ಸಾಕವ್ವನಿಗೆ ಗೊತ್ತಿರಲಿಲ್ಲ. ಯಾವ ತಾಯಿಯ ಕಿವಿಗೂ ಇಂಥ ಮಾತು ಬಿದ್ದಿರಲಿಲ್ಲ. ಕೆಂಪು ಕೊರಳನ್ನು ದಾಟಿ ಕೆನ್ನೆಗೆ ಹೋಯಿತು, ಭುಜಕ್ಕೆ ಇಳಿಯಿತು. ಇಲ್ಲ ಎನ್ನಬೇಕು. ನನ್ನ ಮಕ್ಕಳನ್ನು ನಾನು ತಿನ್ನುತ್ತೇನೆಯೇ ಎಂದು ಮೇಲೆ ಬೀಳಬೇಕು. ಇಲ್ಲ ಅಂದರೆ ಮುಂದಿನ ಪ್ರಶ್ನೆ, ಹಾಗಾದರೆ ಎಲ್ಲಿವೆ? ಬಾಯಿ ಹೇಳದಿದ್ದರೂ ಕಣ್ಣು ಆ ನೆಲದ ಕಡೆ ಹೋಗುತ್ತದೆ.

ಕೆಂಬೂತ ಅವಳ ಕಣ್ಣನ್ನೇ ನೋಡುತ್ತಿತ್ತು.

ಸಾಕವ್ವ ಕಣ್ಣನ್ನು ಅದರ ಕಣ್ಣಿನಿಂದ ತೆಗೆಯಲಿಲ್ಲ. ಮುಂಗಾಲುಗಳನ್ನು ಕೊಂಬೆಗೆ ಊರಿ, ಮೈಯೆಲ್ಲ ಬಿಗಿಹಿಡಿದು ನುಂಗಿದಳು. ಬರೀ ತಲೆ ಅಲ್ಲ, ಎದೆಯೇ ಕೆಳಗೆ ಹೋಗಿ ಮೇಲೆ ಬಂತು. ಕೆಳಗೆ, ಮೇಲೆ. ಕೆಳಗೆ, ಮೇಲೆ.

"ಹೌದಂತೆ," ಅಂತು ಕೆಂಬೂತ. ಒಂದು ಉಗುರಿನಿಂದ ನೆಲ ಕೆರೆದು ನೋಡಿತು. ಗರಸು ಗಟ್ಟಿಯಾಗಿತ್ತು, ಏನೂ ವಾಸನೆ ಬರಲಿಲ್ಲ. ಹುಚ್ಚಿ ಎಂದು ಗೊಣಗಿಕೊಂಡು ಹಳ್ಳದ ಕಡೆ ಹೋಯಿತು, ಮತ್ತೆ ಆ ಪೊದೆಗೆ ಬರಲಿಲ್ಲ.

ಸಾಕವ್ವ ಬಹಳ ಹೊತ್ತು ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ನಲವತ್ತು ದಿನವಾಯಿತು, ಇನ್ನೂ ಕೆಲವು ದಿನವಾಯಿತು. ಮಳೆ ಬಂದು ನೀರು ಪಕ್ಕಕ್ಕೆ ಹರಿದುಹೋಯಿತು. ಸಣ್ಣೀರಜ್ಜ ಎಷ್ಟೋ ಸಲ ಆ ನೆಲದ ಮೇಲೇ ನಡೆದು ನೀರಿಗೆ ಹೋದ. ಒಂದು ಬೆಳಿಗ್ಗೆ ಗರಸು ಬಿರಿಯಿತು. ಬಿರುಕಿನಿಂದ ಒಂದು ಮೂತಿ ಹೊರಬಂತು, ಅಕ್ಕಿಕಾಳಿನಷ್ಟು ಮೂತಿ. ಅದರ ಹಿಂದೆ ಇನ್ನೊಂದು. ಎರಡೂ ಮೈಮೇಲಿನ ಮಣ್ಣು ಕೊಡವಿಕೊಂಡು ಬಿಸಿಲಲ್ಲಿ ನಿಂತವು.

ಮೂರನೆಯದು ಒಡೆಯಲಿಲ್ಲ. ಸಾಕವ್ವ ಇನ್ನೂ ಮೂರು ದಿನ ಕಾದಳು. ಯಾಕೆ ಒಡೆಯಲಿಲ್ಲವೆಂದು ಅವಳಿಗೆ ಗೊತ್ತಾಗಲಿಲ್ಲ. ಜಾಗ ಒಳ್ಳೆಯದೇ ಇತ್ತು, ಅವಳೂ ಎಲ್ಲ ಸರಿಯಾಗಿ ಮಾಡಿದ್ದಳು, ಆದರೂ ಒಡೆಯಲಿಲ್ಲ. ಅದರ ಮೇಲೆ ಮತ್ತೆ ಮಣ್ಣು ಎಳೆದು, ಅದರ ಪಕ್ಕ ಒಂದು ಸಂಜೆ ಸುಮ್ಮನೆ ಕೂತಳು.

ಅವಳಿಗೆ ಗೊತ್ತಾಗದಿದ್ದರೇನು, ತಪ್ಪಲಿಗೆಲ್ಲ ಗೊತ್ತಿತ್ತು. ಬಿಸಿಲು ಹೆಚ್ಚಾಯಿತು ಅಂದಳು ಚೆನ್ನಾಜಮ್ಮ. ಥಂಡಿ ಹೆಚ್ಚಾಯಿತು ಅಂದಳು ದ್ಯಾಮಕ್ಕ. ಒಂದು ಮಾತು ನನ್ನನ್ನು ಕೇಳಿದ್ದರೆ ಮೂರೂ ಉಳಿಯುತ್ತಿದ್ದವು ಅಂದ ಸಣ್ಣೀರಜ್ಜ, ಮೊಟ್ಟೆ ಇದ್ದ ನೆಲದ ಮೇಲೆ ನಿಂತುಕೊಂಡೇ. ಸಾಕವ್ವನ ಕೊರಳು ಕೆಂಪಾಯಿತು. ಅವಳು ಮೂವರಿಗೂ ಮೂರು ಸಲ ನುಂಗಿದಳು. ನುಂಗುತ್ತಲೇ ಒಂದು ಕಣ್ಣಿನಿಂದ ಮರಿಗಳು ಎಲ್ಲಿ ಹೋಗುತ್ತಿವೆಯೆಂದು ನೋಡುತ್ತಿದ್ದಳು.

ಮರಿಗಳು ಪೊದೆಯ ಕೆಳಗಿನ ಕೊಂಬೆಯಲ್ಲಿ ಕೂತು ತಾಯಿಯನ್ನು ನೋಡಿದವು. ಅವುಗಳಿಗೆ ಯಾರೂ ಇನ್ನೂ ಏನೂ ಅಂದಿರಲಿಲ್ಲ, ನುಂಗಲು ಏನೂ ಇರಲಿಲ್ಲ. ಆದರೂ ತಾಯಿ ಮಾಡಿದ್ದನ್ನು ಮಕ್ಕಳು ಮಾಡದೆ ಇರುತ್ತವೆಯೇ? ಚಿಕ್ಕ ಮುಂಗಾಲುಗಳನ್ನು ಊರಿ, ಕೆಳಗೆ ಮೇಲೆ, ಕೆಳಗೆ ಮೇಲೆ ಮಾಡಿದವು. ಅವುಗಳ ಮಕ್ಕಳೂ ಮಾಡಿದವು, ಮಕ್ಕಳ ಮಕ್ಕಳೂ ಮಾಡಿದವು.

ಅದಕ್ಕೇ ಇವತ್ತಿಗೂ, ಕಾಂಪೌಂಡ್ ಗೋಡೆಯ ಮೇಲೆ ಓತಿಯೊಂದು ಕೊರಳು ಕೆಂಪಗೆ ಮಾಡಿಕೊಂಡು ತಲೆಯನ್ನು ಮೇಲೆ ಕೆಳಗೆ ಆಡಿಸುವುದನ್ನು ನೀವು ಕಂಡರೆ, ಅದು ನಿಮ್ಮನ್ನು ಅಣಕಿಸುತ್ತಿಲ್ಲ, ಹೌದು ಹೌದು ಎನ್ನುತ್ತಲೂ ಇಲ್ಲ. ಅದಕ್ಕೆ ಯಾರೋ ಏನೋ ಅಂದಿದ್ದಾರೆ, ಅದು ನುಂಗುತ್ತಿದೆ.